ಹ್ಯಾರಿಯ ತೋಟಾ ಮತ್ತು ನಮ್ಮ ಪಠ್ಯದ ಲೆಕ್ಕ

ಗುಂಡು ಮುಂದಕ್ಕೆ ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುವುದೇಕೆ? ಸಂವೇಗ ಸಂರಕ್ಷಣಾ ನಿಯಮವನ್ನು ಕಲಿಸುವಾಗ ಈ ಪ್ರಶ್ನೆ ಕೇಳದ ಅಧ್ಯಾಪಕರು ವಿರಳ. ಗುಂಡಿನ ದ್ರವ್ಯರಾಶಿ, ಅದರ ವೇಗ ಮತ್ತು ಬಂದೂಕಿನ ದ್ರವ್ಯರಾಶಿಯನ್ನು ಕೊಟ್ಟು, ಬಂದೂಕು ಹಿಮ್ಮೆಟ್ಟುವ ವೇಗವನ್ನು ಕೇಳುವುದು ವಾಡಿಕೆ. ವಿದ್ಯಾರ್ಥಿ ಎರಡು ಸಾಲಿನಲ್ಲಿ ಉತ್ತರ ಬರೆದು ಪೂರ್ಣ ಅಂಕ ಪಡೆಯುತ್ತಾನೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನೂ ಹೀಗೆಯೇ ಕಲಿಸಿದ್ದೇನೆ. ಈ ಲೆಕ್ಕ ಎಷ್ಟು ಅಪೂರ್ಣ ಎಂಬುದನ್ನು ಯೋಚಿಸುವಂತೆ ಮಾಡಿದ್ದು ಹಾಲಿವುಡ್ಡಿನ ಒಂದು ಹಳೆಯ ಚಿತ್ರದ ಸಂಭಾಷಣೆ.

1971ರ ‘ಡರ್ಟಿ ಹ್ಯಾರಿ’ಯಲ್ಲಿ ಕ್ಲಿಂಟ್ ಈಸ್ಟ್‌ವುಡ್ ಅಭಿನಯಿಸಿದ ಪೊಲೀಸ್ ಅಧಿಕಾರಿ ಹ್ಯಾರಿ ಕ್ಯಾಲಹನ್, ತನ್ನ .44 ಮ್ಯಾಗ್ನಮ್ ರಿವಾಲ್ವರು ಜಗತ್ತಿನಲ್ಲೇ ಅತ್ಯಂತ ಪ್ರಬಲವಾದ ಕೈಬಂದೂಕು ಎಂದು ಹೆಮ್ಮೆಪಡುತ್ತಾನೆ. 1973ರ ‘ಮ್ಯಾಗ್ನಮ್ ಫೋರ್ಸ್’ನಲ್ಲಿ ಕಿರಿಯ ಪೊಲೀಸರು ಅದಕ್ಕೆ ಯಾವ ತೋಟಾ ಬಳಸುತ್ತೀರಿ ಎಂದು ಕೇಳುತ್ತಾರೆ. ಹಗುರವಾದ ಸ್ಪೆಷಲ್ ತೋಟಾ ಎಂಬುದು ಅವನ ಉತ್ತರ. ಇಷ್ಟು ದೊಡ್ಡ ಆಯುಧದಲ್ಲಿ ಅದು, ವಾಡ್‌ಕಟರ್ ಗುಂಡು ತುಂಬಿದ .357 ಮ್ಯಾಗ್ನಮ್‌ಗಿಂತ ಕಡಿಮೆ ಒದೆಯುತ್ತದೆ ಎಂದೂ ಸೇರಿಸುತ್ತಾನೆ. ಅವನು ಹೇಳಿದ್ದು .44 ಸ್ಪೆಷಲ್ ಎಂದಿಟ್ಟುಕೊಂಡು ಪರೀಕ್ಷಿಸೋಣ.

.44 ಸ್ಪೆಷಲ್ 1907ರ ತೋಟಾ. ಅದರ ಕವಚವನ್ನು ಸುಮಾರು 3 ಮಿ.ಮೀ. ಉದ್ದಮಾಡಿ, ಹೆಚ್ಚು ಮದ್ದು ತುಂಬಿದ್ದೇ 1950ರ ದಶಕದಲ್ಲಿ ಬಂದ .44 ಮ್ಯಾಗ್ನಮ್. ಎರಡರ ಗುಂಡಿನ ವ್ಯಾಸವೂ ಒಂದೇ, ಸುಮಾರು 10.9 ಮಿ.ಮೀ. ಆದ್ದರಿಂದ ಮ್ಯಾಗ್ನಮ್ ರಿವಾಲ್ವರಿನಲ್ಲಿ ಸ್ಪೆಷಲ್ ತೋಟಾ ಹಾರಿಸಬಹುದು. ಉದ್ದನೆಯ ಮ್ಯಾಗ್ನಮ್ ತೋಟಾ ಮಾತ್ರ ಸ್ಪೆಷಲ್ ರಿವಾಲ್ವರಿನೊಳಗೆ ಕೂರುವುದಿಲ್ಲ. ಅದರ ಅನಿಲ ಒತ್ತಡ ಎರಡು ಪಟ್ಟಿಗೂ ಹೆಚ್ಚಾದ್ದರಿಂದ ಈ 3 ಮಿ.ಮೀ. ಒಂದು ಸುರಕ್ಷಾ ಬೇಲಿ.

ಈಗ ಲೆಕ್ಕ. ರಿವಾಲ್ವರಿನ ದ್ರವ್ಯರಾಶಿ 1.35 ಕಿ.ಗ್ರಾಂ. ಎನ್ನೋಣ. ಮ್ಯಾಗ್ನಮ್‌ನ 15.6 ಗ್ರಾಂ. ಗುಂಡು ಸೆಕೆಂಡಿಗೆ ಸುಮಾರು 410 ಮೀಟರ್ ವೇಗದಲ್ಲಿ ಹೊರಬಂದರೆ ಅದರ ಸಂವೇಗ 6.4 ಕಿ.ಗ್ರಾಂ. ಮೀ/ಸೆ. ಪಠ್ಯದ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ: ಹಿಮ್ಮೆಟ್ಟುವ ವೇಗ 4.7 ಮೀ/ಸೆ. ಆದರೆ ಉರಿದ ಮದ್ದು ಎಲ್ಲಿಗೆ ಹೋಯಿತು? ಸುಮಾರು 1.5 ಗ್ರಾಂ. ಮದ್ದು ಅನಿಲವಾಗಿ ಗುಂಡಿಗಿಂತಲೂ ವೇಗವಾಗಿ, ಅಂದಾಜು 1200 ಮೀ/ಸೆ ವೇಗದಲ್ಲಿ ನಳಿಗೆಯಿಂದ ಚಿಮ್ಮುತ್ತದೆ. ಇದರ ಸಂವೇಗ 1.8. ಅಲ್ಲಿಗೆ ಮೊತ್ತ 8.2, ಹಿಮ್ಮೆಟ್ಟುವ ವೇಗ 6.1 ಮೀ/ಸೆ, ರಿವಾಲ್ವರಿನ ಚಲನಶಕ್ತಿ ಸುಮಾರು 25 ಜೌಲ್. ಅನಿಲವನ್ನು ಬಿಟ್ಟರೆ ನಮಗೆ ಸಿಗುವುದು 15 ಜೌಲ್ ಮಾತ್ರ.

ಸ್ಪೆಷಲ್ ತೋಟಾದಲ್ಲಿ 15.9 ಗ್ರಾಂ. ಗುಂಡಿನ ವೇಗ ಸುಮಾರು 230 ಮೀ/ಸೆ, ಮದ್ದು ಸುಮಾರು 0.4 ಗ್ರಾಂ. ಒಟ್ಟು ಸಂವೇಗ 4.1, ಅಂದರೆ ಮ್ಯಾಗ್ನಮ್‌ನ ಅರ್ಧ. ಹಿಮ್ಮೆಟ್ಟುವ ಶಕ್ತಿ ಮಾತ್ರ 6.3 ಜೌಲ್, ಅಂದರೆ ಕಾಲು ಭಾಗ! ಶಕ್ತಿಯು ಸಂವೇಗದ ವರ್ಗಕ್ಕೆ ಅನುಪಾತದಲ್ಲಿರುವುದೇ ಇದಕ್ಕೆ ಕಾರಣ. ಹಿಡಿಯ ಆಕಾರ, ಅಂಗೈಗಿಂತ ನಳಿಗೆ ಎಷ್ಟು ಮೇಲಿದೆ ಎಂಬುದು ಕೈಗೆ ತಾಗುವ ಅನುಭವವನ್ನು ಬದಲಿಸುತ್ತವೆ. ಆದರೆ ಎರಡು ತೋಟಾಗಳೂ ಒಂದೇ ರಿವಾಲ್ವರಿನಲ್ಲಿರುವುದರಿಂದ ಹೋಲಿಕೆ ನ್ಯಾಯವಾದದ್ದು.

ಹಾಗಾದರೆ ಹ್ಯಾರಿ ಹೇಳಿದ್ದು ಸರಿಯೇ? ಅರ್ಧ ಸರಿ. ಭಾರವಾದ ಆಯುಧಕ್ಕೆ ಸೌಮ್ಯವಾದ ತೋಟಾ ಹಾಕಿದರೆ ಹತೋಟಿ ಹೆಚ್ಚುತ್ತದೆ, ನಿಜ. ಹೋಲಿಕೆಯಲ್ಲಿ ಮಾತ್ರ ಅವನು ಎಡವಿದ್ದಾನೆ. ವಾಡ್‌ಕಟರ್ ಎಂದರೆ ಕಾಗದದ ಗುರಿಯಲ್ಲಿ ಅಚ್ಚುಕಟ್ಟಾದ ರಂಧ್ರ ಕೊರೆಯುವ ಚಪ್ಪಟೆ ಮೂತಿಯ ಗುಂಡು. ಅದನ್ನು ಸಾಮಾನ್ಯವಾಗಿ ಮೆಲ್ಲಗೇ ಹಾರಿಸುತ್ತಾರೆ. 9.6 ಗ್ರಾಂ. ಗುಂಡು, 215 ಮೀ/ಸೆ ವೇಗ ಎಂದರೆ ಸಂವೇಗ 2.1 ಅಷ್ಟೆ. ಅನಿಲವನ್ನು ಸೇರಿಸಿದರೂ, 1.1 ಕಿ.ಗ್ರಾಂ. ತೂಗುವ .357 ರಿವಾಲ್ವರಿನ ಹಿಮ್ಮೆಟ್ಟುವ ಶಕ್ತಿ 3 ಜೌಲನ್ನು ಮುಟ್ಟುವುದಿಲ್ಲ. ಇನ್ನೊಂದು ಮಾತು: ಸ್ಪೆಷಲ್ ಗುಂಡಿನ ಚಲನಶಕ್ತಿ ಸುಮಾರು 420 ಜೌಲ್, ಮ್ಯಾಗ್ನಮ್‌ನದು 1310. ಮೊದಲ ಚಿತ್ರದ ಜಂಬವನ್ನು ಎರಡನೆಯ ಚಿತ್ರದ ತೋಟಾವೇ ಮೂರನೇ ಒಂದು ಭಾಗಕ್ಕೆ ಇಳಿಸಿಬಿಟ್ಟಿದೆ. ಬಲ ಹೆಗ್ಗಳಿಕೆಗೆ, ಹತೋಟಿ ಕೆಲಸಕ್ಕೆ. ಎರಡನ್ನೂ ಒಂದೇ ತೋಟಾದಲ್ಲಿ ಕೇಳಲಾಗದು.

ಸಿನಿಮಾದ ತಪ್ಪನ್ನು ಕ್ಷಮಿಸಬಹುದು, ಅದು ಪಾಠ ಹೇಳಲು ಹೊರಟಿಲ್ಲ. ಆದರೂ ‘ಒದೆತವನ್ನು ತಗ್ಗಿಸಲು ಏನನ್ನು ಬದಲಿಸಬೇಕು?’ ಎಂಬ ಪ್ರಶ್ನೆಯನ್ನು ಅದು ಎತ್ತಿದೆ. ನಮ್ಮ ಪಠ್ಯದ ಲೆಕ್ಕ ಅದನ್ನು ಎತ್ತುವುದೇ ಇಲ್ಲ. ಗುಂಡಿನ ವೇಗ ಇಳಿಸಿದರೆ ಏನಾಗುತ್ತದೆ? ಬಂದೂಕನ್ನೇ ಭಾರವಾಗಿಸಿದರೆ? ಗುಂಡಿನ ಶಕ್ತಿ ಅಷ್ಟೇ ಇರಿಸಿ, ಗುಂಡನ್ನು 11.7 ಗ್ರಾಂ.ಗೆ ಹಗುರಗೊಳಿಸಿದರೆ ಅದರ ಸಂವೇಗ ಎಷ್ಟು ಕಡಿಮೆಯಾದೀತು? (ಸುಮಾರು ಶೇ. 13.) ಹೀಗೆ ಕೇಳಿದಾಗ ವಿದ್ಯಾರ್ಥಿ ಸೂತ್ರಕ್ಕೆ ಅಂಕಿ ತುಂಬುವುದನ್ನು ಬಿಟ್ಟು ಯೋಚಿಸತೊಡಗುತ್ತಾನೆ.

ಎಲ್ಲಕ್ಕಿಂತ ಮುಖ್ಯವಾಗಿ, ‘ವ್ಯವಸ್ಥೆಯಲ್ಲಿ ಏನೇನಿದೆ?’ ಎಂದು ಮೊದಲು ಪಟ್ಟಿ ಮಾಡಿಸಬೇಕು. ಬಂದೂಕು, ಗುಂಡು ಎಂದು ಎರಡನ್ನೇ ಬರೆದು ಸಂವೇಗ ಸಂರಕ್ಷಣೆಯಾಯಿತು ಎನ್ನುವ ವಿದ್ಯಾರ್ಥಿಗೆ ನಿಯಮ ಬಾಯಿಗೆ ಬಂದಿದೆ, ಅರ್ಥವಾಗಿಲ್ಲ. ಅಂಥವರಿಗೆ ನಾನು ಇಷ್ಟು ವರ್ಷ ಪೂರ್ಣ ಅಂಕ ಕೊಟ್ಟಿದ್ದೇನೆ. ಈಗ ಮಂಡಿಹಲಗೆಯ ಮೇಲೆ ಮೂರನೆಯ ಹೆಸರನ್ನೂ ಬರೆಸುತ್ತೇನೆ: ಮದ್ದಿನ ಅನಿಲ.