ತಪಸ್ಸುಕಾಲದ ಉಳಿತಾಯ ಯಾರ ಪಾಲಿಗೆ?

ಬೂದಿ ಬುಧವಾರದಿಂದ ಪಾಸ್ಕ ಹಬ್ಬದವರೆಗಿನ, ಭಾನುವಾರಗಳನ್ನು ಬಿಟ್ಟು ಎಣಿಸಿದರೆ 40 ದಿನಗಳಾಗುವ ಅವಧಿಯನ್ನು ಕನ್ನಡದ ಕಥೋಲಿಕ ಕ್ರೈಸ್ತರು ತಪಸ್ಸುಕಾಲವೆಂದೂ ಪ್ರಾಟೆಸ್ಟೆಂಟರು ಬಹುಮಟ್ಟಿಗೆ ಲೆಂಟ್ ಎಂದೂ ಕರೆಯುತ್ತಾರೆ. ಯೇಸು ಅಡವಿಯಲ್ಲಿ ನಲವತ್ತು ದಿನ ಉಪವಾಸವಿದ್ದುದನ್ನು ನೆನೆಯುವ ಈ ಕಾಲಕ್ಕೆ ಪ್ರಾರ್ಥನೆ, ಉಪವಾಸ ಮತ್ತು ದಾನವೆಂಬ ಮೂರು ಆಧಾರಗಳಿವೆ. ಇವುಗಳಲ್ಲಿ ಮೊದಲೆರಡು ವ್ಯಕ್ತಿಯ ಅಂತರಂಗಕ್ಕೂ ಮನೆಯ ಅಡುಗೆಗೂ ಸಂಬಂಧಿಸಿದವುಗಳಾದ್ದರಿಂದ ಸುಲಭವಾಗಿ ಬೇರೂರಿವೆ; ಮೂರನೆಯದು ಮಾತ್ರ, ನೆರೆಯವನ ಬದುಕಿನ ಲೆಕ್ಕವನ್ನು ಕೇಳುವಂಥದಾದ್ದರಿಂದ, ಕಾಣಿಕೆಯ ಡಬ್ಬಿಯ ಬಳಿಯೇ ನಿಂತುಬಿಟ್ಟಿದೆ.

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಎರಡೂ ಪರಂಪರೆಗಳು ಅಕ್ಕಪಕ್ಕದಲ್ಲಿ ಬೆಳೆದಿವೆ. ಬ್ರಿಯಾಂಡ್ ಚೌಕದ ಸಂತ ಜೋಸೆಫರ ದೇವಾಲಯ ಕಥೋಲಿಕರದು. ಸಂತ ಲೂಕರ ದೇವಾಲಯದ ಹಿನ್ನೆಲೆ ಬೇರೆಯದು: ಬೆಂಗಳೂರು ಕೋಟೆಯೊಳಗಿದ್ದ ಬ್ರಿಟಿಷ್ ಸೈನಿಕರ ಫೋರ್ಟ್ ಚರ್ಚಿನ ಜಾಗ ಹೆಂಗಸರ ಮತ್ತು ಮಕ್ಕಳ ಚಿಕಿತ್ಸೆಗಾಗಿ 1935ರಲ್ಲಿ ಆರಂಭವಾದ ವಾಣಿವಿಲಾಸ ಆಸ್ಪತ್ರೆಗೆ ಬೇಕಾದಾಗ, ಅದಕ್ಕೆ ಬದಲಾಗಿ ಈ ಬಡಾವಣೆಯಲ್ಲಿ ಕಟ್ಟಿದ ಆಂಗ್ಲಿಕನ್ ದೇವಾಲಯವಿದು. 1904ರ ಹಡ್ಸನ್ ಸ್ಮಾರಕ ದೇವಾಲಯದಂಥ ವೆಸ್ಲಿಯನ್ ಮೂಲದ ಕನ್ನಡ ಸಭೆಗಳಿಗೆ ಲೆಂಟ್ ಅಷ್ಟು ಒಗ್ಗಿದ ಆಚರಣೆಯಾಗಿರಲಿಲ್ಲ; 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡು ಇವರೆಲ್ಲ ಒಂದಾದ ಮೇಲೆ ಆಂಗ್ಲಿಕನ್ನರ ಪಂಚಾಂಗವು ಎಲ್ಲರದೂ ಆಯಿತು.

ಈ ಕಾಲದ ಆಚರಣೆಯನ್ನು ಅಳೆಯಲು ಹೊರಗಿನ ಮಾನದಂಡವನ್ನು ತರಬೇಕಾಗಿಲ್ಲ. ಬೂದಿ ಬುಧವಾರ ಕಳೆದು ಎರಡನೆಯ ದಿನ, ಅಂದರೆ ಶುಕ್ರವಾರ, ಕಥೋಲಿಕ ಬಲಿಪೂಜೆಯಲ್ಲಿ ಓದುವ ಯೆಶಾಯನ ಪ್ರವಾದನೆಯ 58ನೆಯ ಅಧ್ಯಾಯವೇ ಸಾಕಷ್ಟು ಕಠಿಣವಾದ ವಿಮರ್ಶೆ. ತಾವು ಉಪವಾಸವಿದ್ದರೂ ದೇವರು ಕಣ್ಣೆತ್ತಿ ನೋಡುತ್ತಿಲ್ಲವೆಂದು ಗೊಣಗುವ ಜನರಿಗೆ ಪ್ರವಾದಿಯು, ಉಪವಾಸದ ದಿನವೇ ಕೂಲಿಯಾಳುಗಳನ್ನು ಹಿಂಡಿ ದುಡಿಸಿಕೊಳ್ಳುತ್ತಿರುವುದನ್ನು ತೋರಿಸಿ, ದೇವರು ಮೆಚ್ಚುವ ಉಪವಾಸವೆಂದರೆ ನೊಗವನ್ನು ಮುರಿಯುವುದು, ಹಸಿದವನೊಂದಿಗೆ ಅನ್ನವನ್ನು ಹಂಚಿಕೊಳ್ಳುವುದು, ನೆಲೆಯಿಲ್ಲದವನನ್ನು ಮನೆಗೆ ಕರೆದುಕೊಳ್ಳುವುದು ಎಂದು ವಿವರಿಸುತ್ತಾನೆ. ಇಲ್ಲಿ ಗಮನಿಸಬೇಕಾದುದು ಕ್ರಮ: ಅನ್ನದಾನಕ್ಕೂ ಮುಂಚೆ ದುಡಿಸಿಕೊಳ್ಳುವವನ ಅನ್ಯಾಯ ಪ್ರಸ್ತಾಪವಾಗುತ್ತದೆ. ಆದರೆ ವಾಸ್ತವದ ತಪಸ್ಸುಕಾಲದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಮಾಂಸವನ್ನು ಬಿಟ್ಟು ಉಳಿಸಿದ ಹಣ ಕಾಣಿಕೆಯಾಗಿ ಸಲ್ಲುವುದುಂಟು, ಮಕ್ಕಳ ಕೈಗೆ ಉಳಿತಾಯದ ಡಬ್ಬಿ ಕೊಡುವ ಒಳ್ಳೆಯ ಪದ್ಧತಿಯೂ ಉಂಟು. ಮನೆಗೆಲಸದವರ ಸಂಬಳ, ಅವರ ವಾರದ ರಜೆ, ಕೃಷ್ಣರಾಜ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲರ ಮುಪ್ಪು, ಬೆಳಗಿನ ಜಾವ ರಸ್ತೆ ಗುಡಿಸುವ ಪೌರಕಾರ್ಮಿಕರ ಆರೋಗ್ಯ ಇವು ಪ್ರಸಂಗದ ವಿಷಯವಾಗುವುದು ಅಪರೂಪ. ಮೀನು ತಿನ್ನಬಹುದೇ ಎಂಬ ಚರ್ಚೆಗೆ ಸಿಗುವ ಉತ್ಸಾಹ ಇವಕ್ಕೆ ಸಿಗುವುದಿಲ್ಲ.

ಇದು ಸಭೆಯ ಬೋಧನೆಯಲ್ಲಿರುವ ಕೊರತೆಯಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಹೊರಡಿಸಿದ ಆರಾಧನಾವಿಧಿಯ ಸಂವಿಧಾನದಲ್ಲಿ, ತಪಸ್ಸುಕಾಲದ ಪ್ರಾಯಶ್ಚಿತ್ತವು ಕೇವಲ ಆಂತರಿಕವೂ ವೈಯಕ್ತಿಕವೂ ಆಗಿರದೆ ಬಾಹ್ಯವೂ ಸಾಮಾಜಿಕವೂ ಆಗಿರಬೇಕೆಂದು ಸ್ಪಷ್ಟವಾಗಿ ಹೇಳಿದೆ. ಆದಿಸಭೆಯಲ್ಲಂತೂ ಈ ಕಾಲವು ದೀಕ್ಷಾಸ್ನಾನಕ್ಕೆ ಸಿದ್ಧರಾಗುವವರದೂ, ಬಹಿರಂಗವಾಗಿ ಪ್ರಾಯಶ್ಚಿತ್ತ ಮಾಡಿಕೊಂಡು ಸಭೆಗೆ ಮರಳುವವರದೂ ಆಗಿ, ಇಡೀ ಸಮುದಾಯದ ಕಣ್ಣೆದುರು ನಡೆಯುತ್ತಿತ್ತು. ಪಾಪವನ್ನು ವ್ಯಕ್ತಿಯ ಖಾಸಗಿ ವ್ಯವಹಾರವಾಗಿ ಮಾತ್ರ ಕಾಣುವುದು ನಂತರ ಗಟ್ಟಿಯಾದ ರೂಢಿ. ಕ್ರಿಸ್ತನ ಯಾತನೆಯನ್ನು 14 ನಿಲ್ದಾಣಗಳಲ್ಲಿ ಧ್ಯಾನಿಸುತ್ತ ಸಾಗುವ ‘ಶಿಲುಬೆಯ ಹಾದಿ’ಯಲ್ಲೂ ಇದೇ ಇಬ್ಬಂದಿಯಿದೆ. ಆಳುವವರ ಅಂಜಿಕೆ, ಗುಂಪಿನ ಕೂಗು, ದಾರಿಯಲ್ಲಿ ಸಿಕ್ಕಿದ ಅಪರಿಚಿತನ ಹೆಗಲ ಮೇಲೆ ಹೊರಿಸಿದ ಮರ, ಇವೆಲ್ಲ ಇರುವ ಈ ಆಚರಣೆಯಷ್ಟು ಸಾಮಾಜಿಕವಾದ ಪ್ರಾರ್ಥನೆ ಕ್ರೈಸ್ತರಲ್ಲಿ ಮತ್ತೊಂದಿಲ್ಲ. ಹಾಗಿದ್ದೂ ಅದು ಹೆಚ್ಚಾಗಿ ಭಕ್ತನ ಕಣ್ಣೀರಿನಲ್ಲಿಯೇ ಮುಗಿದುಹೋಗುತ್ತದೆ.

ಜಾತಿಯ ವಿಷಯಕ್ಕೆ ಬಂದರೆ ಮೌನ ಇನ್ನೂ ಗಾಢವಾಗಿದೆ. 1950ರ ರಾಷ್ಟ್ರಪತಿ ಆದೇಶವು ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನವನ್ನು ನಿರಾಕರಿಸಿರುವುದನ್ನು ಸಭೆಗಳು ಪ್ರತಿಭಟಿಸುತ್ತಲೇ ಬಂದಿವೆ, ಅದು ನ್ಯಾಯವೂ ಹೌದು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿಯಲ್ಲಿ ಸಭೆಯೊಳಗೂ ಅಸ್ಪೃಶ್ಯತೆ ಇದೆಯೆಂದು ಒಪ್ಪಿಕೊಂಡಿತು. ಅಂಥ ಒಪ್ಪಿಗೆಗೆ ತಪಸ್ಸುಕಾಲಕ್ಕಿಂತ ತಕ್ಕ ಸಮಯವಿಲ್ಲವಾದರೂ, ಪಾಪನಿವೇದನೆಗೆ ಮುನ್ನ ಆತ್ಮಪರೀಕ್ಷೆಗಾಗಿ ಭಕ್ತರ ಮುಂದಿಡುವ ಪ್ರಶ್ನೆಗಳಲ್ಲಿ ಮದುವೆಯ ಸಂಬಂಧವನ್ನು ಜಾತಿ ನೋಡಿ ನಿಶ್ಚಯಿಸಿದ್ದುಂಟೇ ಎಂಬ ಪ್ರಶ್ನೆಗೆ ಇನ್ನೂ ರೂಢಿಯ ಸ್ಥಾನ ದೊರೆತಿಲ್ಲ.

2025ರಲ್ಲಿ ರಂಜಾನ್ ಮಾರ್ಚ್ 2ರಂದೂ ಬೂದಿ ಬುಧವಾರ ಮಾರ್ಚ್ 5ರಂದೂ ಬಂದು, ಈದ್ಗಾ ಮೈದಾನವಿರುವ ಚಾಮರಾಜಪೇಟೆಯಲ್ಲಿ ಎರಡು ಸಮುದಾಯಗಳ ಉಪವಾಸ ಒಟ್ಟಿಗೆ ನಡೆಯಿತು. ಮುಸ್ಲಿಮರಲ್ಲಿ ಒಂದು ಮಿತಿಯನ್ನು ಮೀರಿ ವರ್ಷಪೂರ್ತಿ ಉಳಿದ ಸಂಪತ್ತಿನ ಶೇಕಡ 2.5ನ್ನು ಜಕಾತ್ ಎಂದು ಕೊಡಬೇಕು, ಫಿತ್ರಾ ಎಂಬ ದಾನವು ಈದ್ ನಮಾಜಿಗೆ ಮುಂಚೆಯೇ ಬಡವರಿಗೆ ಸಲ್ಲಬೇಕು. ಕ್ರೈಸ್ತರ ದಾನ ಮನಸ್ಸಾಕ್ಷಿಗೆ ಬಿಟ್ಟದ್ದು. ಆ ಸ್ವಾತಂತ್ರ್ಯಕ್ಕೆ ಅದರದೇ ಘನತೆಯಿದೆ, ಆದರೆ ಲೆಕ್ಕವಿಲ್ಲದ ಕಡೆ ಮನಸ್ಸಾಕ್ಷಿಗೆ ಬೇಗ ನಿದ್ದೆ ಬರುತ್ತದೆ. ಜಕಾತ್ ಕೂಡ ಕೂಲಿಯ ಪ್ರಶ್ನೆಗೆ ಉತ್ತರವಲ್ಲ. ಆದರೂ ಕೊಡುವುದನ್ನು ಉಪವಾಸಕ್ಕೆ ಬಿಗಿಯಾಗಿ ಕಟ್ಟುವ ಅದರ ಶಿಸ್ತಿನಿಂದ ಕಲಿಯುವುದಿದೆ.

ಒಟ್ಟಿನಲ್ಲಿ ಈಗಿನ ತಪಸ್ಸುಕಾಲವು ಭಕ್ತಿಯಲ್ಲಿ ಶ್ರೀಮಂತವೂ ಸಾಮಾಜಿಕ ವಿವೇಕದಲ್ಲಿ ಬಡವೂ ಆದ ಆಚರಣೆ. ಇದನ್ನು ಸರಿಪಡಿಸಲು ಹೊಸ ವಿಧಿಗಳು ಬೇಕಿಲ್ಲ. ಸಭೆಗಳ ಸಮಿತಿಗಳು ಗರಿಗಳ ಭಾನುವಾರದೊಳಗೆ ತಪಸ್ಸುಕಾಲದ ಕಾಣಿಕೆ ಎಷ್ಟಾಯಿತು, ಯಾರಿಗೆ ಸಂದಿತು ಎಂಬುದನ್ನೂ, ತಮ್ಮ ದೇವಾಲಯ, ಶಾಲೆ, ಆಸ್ಪತ್ರೆಗಳಲ್ಲಿ ಕಸ ಗುಡಿಸುವವರಿಗೂ ಕಾವಲುಗಾರರಿಗೂ ಕೊಡುತ್ತಿರುವ ಸಂಬಳವನ್ನೂ ಸೂಚನಾಫಲಕದಲ್ಲಿ ಹಾಕಲಿ.