ಎರಡು ಕ್ಯಾಮೆರಾ, ಒಂದು ಬೆನ್ನು

ಮದುವೆ ಮನೆಯಲ್ಲಿ ನುರಿತ ಫೋಟೊಗ್ರಾಫರ್ ಯಾರೆಂದು ತಿಳಿಯಲು ಕ್ಯಾಮೆರಾ ನೋಡಬೇಕಿಲ್ಲ, ಹೆಗಲು ನೋಡಿದರೆ ಸಾಕು. ಒಂದು ಹೆಗಲು ಇನ್ನೊಂದಕ್ಕಿಂತ ತುಸು ಮೇಲೆ ನಿಂತಿರುತ್ತದೆ. ಸ್ಟ್ರ್ಯಾಪ್ ಜಾರದಿರಲೆಂದು ವರ್ಷಗಟ್ಟಲೆ ಎತ್ತಿ ಹಿಡಿದ ಹೆಗಲದು. ಕ್ಯಾಮೆರಾ ತೆಗೆದಿಟ್ಟಾಗಲೂ ಪೂರ್ತಿ ಕೆಳಗಿಳಿಯುವುದಿಲ್ಲ. ಹಿಂದಿನ ಸಂಜೆಯ ವರಪೂಜೆ, ರಿಸೆಪ್ಷನ್, ಬೆಳಗಿನ ಕಾಶಿಯಾತ್ರೆ, ಮುಹೂರ್ತ, ಊಟ, ಕೊನೆಗೆ ಹೆಣ್ಣೊಪ್ಪಿಸುವ ಶಾಸ್ತ್ರ. ನಡುವೆ ನಾಲ್ಕು ತಾಸು ನಿದ್ದೆ ಸಿಕ್ಕರೆ ಪುಣ್ಯ. ಇಷ್ಟಕ್ಕೂ ಒಂದಲ್ಲ, ಎರಡು ಕ್ಯಾಮೆರಾ.

ಎರಡೇಕೆ ಎನ್ನುವವರು ಧಾರೆಯ ಹೊತ್ತಿಗೆ ಮಂಟಪದ ಬದಿಯಲ್ಲಿ ನಿಂತು ನೋಡಬೇಕು. ಅಂತರಪಟ ಸರಿಯುತ್ತದೆ, ಹುಡುಗ ಹುಡುಗಿ ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಇಡುತ್ತಾರೆ, ಗಟ್ಟಿಮೇಳ ಮೊಳಗುತ್ತದೆ, ಅಕ್ಷತೆ ಮಳೆಗರೆಯುತ್ತದೆ. ಎಲ್ಲವೂ ಕೆಲವೇ ಸೆಕೆಂಡು. ಅಷ್ಟರಲ್ಲಿ ಇಡೀ ಮಂಟಪವೂ ಬೇಕು, ಹುಡುಗಿಯ ಕಣ್ಣೂ ಬೇಕು, ಹಿಂದೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುವ ಅವಳ ಅಮ್ಮನೂ ಬೇಕು. ಲೆನ್ಸ್ ಬದಲಿಸುತ್ತ ನಿಂತರೆ ಸಿಗುವುದು ಖಾಲಿ ತಟ್ಟೆಯ ಚಿತ್ರ. ಮೇಲಾಗಿ ಹೋಮದ ಹೊಗೆ, ಗಾಳಿಯಲ್ಲಿ ತೇಲುವ ಅರಿಶಿನದ ಪುಡಿ, ಅಕ್ಕಿಯ ಧೂಳು. ಅದರ ನಡುವೆ ಸೆನ್ಸರ್ ತೆರೆದಿಡುವವರ ಧೈರ್ಯ ನನಗಿಲ್ಲ. ಒಂದು ಕ್ಯಾಮೆರಾ ಕೈಕೊಟ್ಟರೆ ಇನ್ನೊಂದು ಇದೆ ಎಂಬ ನೆಮ್ಮದಿಯನ್ನೂ ಸೇರಿಸಿಕೊಳ್ಳಿ. ತಾಳಿಯನ್ನು ಇನ್ನೊಮ್ಮೆ ಕಟ್ಟಿ ಎನ್ನಲಾಗದು (ಕೆಲವರು ಅನ್ನುತ್ತಾರೆ, ಅದು ಬೇರೆ ಮಾತು).

ಅಭ್ಯಾಸವೇನೂ ಹೊಸದಲ್ಲ. ಯಾಷಿಕಾ ಮ್ಯಾಟ್ ಕಾಲದಲ್ಲಿ 120 ರೋಲಿಗೆ ಚೌಕಾಕಾರದ ಹನ್ನೆರಡೇ ಚಿತ್ರ. ಮುಹೂರ್ತ ಹತ್ತಿರವಾದಾಗ ಒಳಗೆ ಎರಡೇ ಉಳಿದಿದ್ದರೆ ಎದೆ ಡವಗುಟ್ಟುತ್ತಿತ್ತು. ಅದಕ್ಕೇ ಅನುಕೂಲವಿದ್ದವರು ರೋಲು ತುಂಬಿದ ಇನ್ನೊಂದನ್ನು ಸಹಾಯಕನ ಕೊರಳಿಗೆ ಹಾಕಿರುತ್ತಿದ್ದರು. ವಿಯೆಟ್ನಾಂ ಯುದ್ಧ ವರದಿ ಮಾಡಿದ ಪತ್ರಿಕಾ ಛಾಯಾಗ್ರಾಹಕರ ಎದೆಯ ಮೇಲೂ ಎರಡು ಮೂರು ಕ್ಯಾಮೆರಾ ತೂಗಾಡುತ್ತಿದ್ದವು. ಒಂದರಲ್ಲಿ ಕಪ್ಪು ಬಿಳುಪು, ಇನ್ನೊಂದರಲ್ಲಿ ಬಣ್ಣದ ಫಿಲ್ಮ್. ಆಗ ಫಿಲ್ಮಿಗಾಗಿ ಎರಡು, ಈಗ ಲೆನ್ಸಿಗಾಗಿ ಎರಡು. ವ್ಯತ್ಯಾಸವೆಂದರೆ ನಮ್ಮಲ್ಲಿ ಆಗ ಹೊರಲು ಸಹಾಯಕನಿದ್ದ. ಈಗ ಅವನು ಡ್ರೋನ್ ಹಾರಿಸಲು ಹೋಗಿದ್ದಾನೆ.

ತೂಕದ ಲೆಕ್ಕ ಹಾಕೋಣ. 2017ರಲ್ಲಿ ಬಂದ ನಿಕಾನ್ ಡಿ850, ಬ್ಯಾಟರಿ ಕಾರ್ಡು ಸೇರಿ 1005 ಗ್ರಾಂ. ಅದಕ್ಕೆ 24-70 ಎಫ್/2.8 ವಿಆರ್ ಲೆನ್ಸ್ 1070 ಗ್ರಾಂ. ಜೊತೆಗೆ 840 ಗ್ರಾಂನ ಡಿ750, ಅದರ ಮೂತಿಗೆ 1430 ಗ್ರಾಂನ 70-200. ಒಟ್ಟು 4.3 ಕಿಲೋ ದಾಟಿತು. ಫ್ಲ್ಯಾಷ್ ಸೇರಿಸಿದರೆ ಐದರ ಹತ್ತಿರ. ಮಿರರ್‌ಲೆಸ್ ಕಡೆಗೆ ಬಂದರೆ, ಸೋನಿ ಎ7 4ನೇ ಆವೃತ್ತಿ 658 ಗ್ರಾಂ. ಎರಡನೇ ಪೀಳಿಗೆಯ 24-70 ಜಿಎಂ 695 ಗ್ರಾಂ, 70-200 ಜಿಎಂ 1045 ಗ್ರಾಂ. ಅಂಥ ಎರಡು ಕ್ಯಾಮೆರಾ, ಈ ಎರಡು ಲೆನ್ಸ್ ಸೇರಿ ಸುಮಾರು 3 ಕಿಲೋ. ಜೂಮ್ ಬಿಟ್ಟು 35 ಎಂಎಂ ಎಫ್/1.4 ಮತ್ತು 85 ಎಂಎಂ ಎಫ್/1.8 ಹಾಕಿಕೊಂಡರೆ ಕ್ಯಾಮೆರಾ, ಲೆನ್ಸ್ ಎಲ್ಲ ಸೇರಿ 2.2 ಕಿಲೋ. ಅಂದರೆ ಡಿ850ಕ್ಕೆ 24-70 ಸಿಕ್ಕಿಸಿದರೆ ಆಗುವ ತೂಕಕ್ಕೆ ಚೂರು ಹೆಚ್ಚು, ಅಷ್ಟೇ. ಯಾವ ಸ್ಟ್ರ್ಯಾಪೂ ಇಷ್ಟು ಭಾರ ಇಳಿಸಲಾರದು.

ಹಾಗಾಗಿ ನನ್ನ ಮೊದಲ ಮಾತು ಲೆನ್ಸಿನದ್ದೇ. ಕಲ್ಯಾಣ ಮಂಟಪದ ವೇದಿಕೆಯಲ್ಲಿ 70-200 ಬೇಕೇ ಬೇಕು ಎನ್ನುವವರು ಬಹುಪಾಲು ಅದನ್ನು ಕೊಂಡ ತಪ್ಪಿಗೆ ಹೊರುತ್ತಿರುವವರು. ವೇದಿಕೆಯ ಅಂಚಿನಿಂದ ಹುಡುಗಿಯ ಮುಖಕ್ಕೆ ಹತ್ತು ಅಡಿ ಇದ್ದರೆ ಹೆಚ್ಚು; 85 ಅಲ್ಲಿಗೆ ಸರಾಗವಾಗಿ ಮುಟ್ಟುತ್ತದೆ. ಇಡೀ ಮಂಟಪಕ್ಕೆ, ಹಿಂದೆ ನಿಂತ ಬಳಗಕ್ಕೆ 35 ಸಾಕು. ಟ್ಯಾಮ್ರಾನ್‌ನವರ 35-150 ಎಫ್/2-2.8 ಬಂದ ಮೇಲೆ ಒಂದೇ ಕ್ಯಾಮೆರಾದಲ್ಲಿ ಎಲ್ಲ ಮುಗಿಸುವ ಗೆಳೆಯರೂ ಇದ್ದಾರೆ. ಅದು ಒಳ್ಳೆಯ ಲೆನ್ಸೇ. ಆದರೆ 1165 ಗ್ರಾಂನ ಅದನ್ನು ಬೆಳಗಿನಿಂದ ಸಂಜೆಯವರೆಗೆ ಒಂದೇ ಮಣಿಕಟ್ಟಿನ ಮೇಲೆ ಹಿಡಿಯಬೇಕು, ಆ ಕ್ಯಾಮೆರಾ ನಿಂತರೆ ಕೆಲಸವೂ ನಿಂತಿತು.

ಇನ್ನು ಹೊರುವ ಬಗೆ. ಕ್ಯಾಮೆರಾ ಡಬ್ಬದಲ್ಲಿ ಬರುವ, ಕಂಪನಿಯ ಹೆಸರು ದೊಡ್ಡದಾಗಿ ಹೊಲಿದ ಸ್ಟ್ರ್ಯಾಪುಗಳೆರಡನ್ನೂ ಕೊರಳಿಗೆ ಹಾಕಿಕೊಳ್ಳುವುದು ಅತ್ಯಂತ ಕೆಟ್ಟ ದಾರಿ. ಭಾರವೆಲ್ಲ ಕತ್ತಿನ ಹಿಂಬದಿಗೆ, ಕ್ಯಾಮೆರಾಗಳು ಒಂದಕ್ಕೊಂದು ಬಡಿದು ಪರದೆಗಳೆಲ್ಲ ಗೀರು. ಇದರಿಂದ ಬಿಡಿಸಲು ಬಂದದ್ದು ಸ್ಲಿಂಗ್. ಬ್ಲ್ಯಾಕ್‌ರ್ಯಾಪಿಡ್‌ನಂಥ ಸ್ಲಿಂಗ್ ಜನಿವಾರದ ಹಾಗೆ ಓರೆಯಾಗಿ ಕೂರುತ್ತದೆ, ಕ್ಯಾಮೆರಾ ತಳದ ಟ್ರೈಪಾಡ್ ತೂತಿನಿಂದ ಸೊಂಟದ ಬಳಿ ನೇತಾಡುತ್ತದೆ. ಸ್ಟ್ರ್ಯಾಪ್ ಹೆಗಲ ಮೇಲೆ ಸ್ಥಿರ, ಕ್ಯಾಮೆರಾ ಮಾತ್ರ ಅದರ ಮೇಲೆ ಜಾರಿ ಕಣ್ಣಿಗೆ ಬರುತ್ತದೆ. ಇದನ್ನೇ ಎರಡೂ ಬದಿಗೆ ಮಾಡಿದರೆ ಜೋಡಿ ಹಾರ್ನೆಸ್. ಚರ್ಮದ್ದು ಬೇಕೆಂದರೆ ಹೋಲ್ಡ್‌ಫಾಸ್ಟ್‌ನವರ ಮನಿಮೇಕರ್ ಇದೆ. ಹೆಸರು ಯಾರ ಹಣದ ಬಗ್ಗೆ ಹೇಳುತ್ತದೋ ಬೆಲೆ ನೋಡಿದವರಿಗೆ ಸಂಶಯ ಬರುತ್ತದೆ. ಸ್ಪೈಡರ್ ಹೋಲ್‌ಸ್ಟರ್ ಹೆಗಲನ್ನೇ ಬಿಟ್ಟು ಸೊಂಟದ ಬೆಲ್ಟಿಗೆ ಭಾರ ಹಾಕುತ್ತದೆ. ಕ್ಯಾಮೆರಾ ತಳದ ಗುಂಡಿಯನ್ನು ಬೆಲ್ಟಿನ ಸಂದಿಗೆ ಇಳಿಸಿದರೆ ಕಚ್ಚಿಕೊಳ್ಳುತ್ತದೆ. ಬೆನ್ನು ಹಿಡಿದವರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಟ್ರೆಕ್ಕಿಂಗ್ ಚೀಲಗಳು ಭಾರವನ್ನು ಸೊಂಟಕ್ಕೆ ಇಳಿಸುವುದೂ ಇದೇ ಕಾರಣಕ್ಕೆ.

ಆದರೆ ಇವೆಲ್ಲ ನಿಂತುಕೊಂಡು ಫೋಟೊ ತೆಗೆಯುವವರಿಗಾಗಿ ಹುಟ್ಟಿದ ಸಾಮಾನು. ಚರ್ಚಿನ ಮದುವೆಯಲ್ಲಿ ಫೋಟೊಗ್ರಾಫರ್ ಬದಿಯಲ್ಲಿ, ದೂರದಲ್ಲಿ, ನೆಟ್ಟಗೆ ನಿಲ್ಲಬಹುದು. ನಮ್ಮಲ್ಲಿ ಹೋಮಕುಂಡಕ್ಕೆ ಮೂರಡಿ ದೂರದಲ್ಲಿ, ಬರಿಗಾಲಲ್ಲಿ, ಪುರೋಹಿತರಿಗೂ ಸೋದರಮಾವನಿಗೂ ನಡುವಿನ ಸಂದಿಯಲ್ಲಿ ಅವನ ಜಾಗ. ನಿಲ್ಲುವುದಕ್ಕಿಂತ ಬಗ್ಗುವುದೇ ಹೆಚ್ಚು. ಪಾದ ತೊಳೆಯುವಾಗ ಬಗ್ಗಬೇಕು, ಕಾಲುಂಗುರ ತೊಡಿಸುವಾಗ ಬಗ್ಗಬೇಕು, ಲಾಜಾಹೋಮಕ್ಕೆ ಬಗ್ಗಬೇಕು, ಸಪ್ತಪದಿಗಂತೂ ನೆಲಕ್ಕೇ ಕೂರಬೇಕು. ಸೊಂಟದಿಂದ ಬಗ್ಗಿದೊಡನೆ ಹಾರ್ನೆಸ್ಸಿನ ಎರಡೂ ಕ್ಯಾಮೆರಾ ಮುಂದಕ್ಕೆ ತೂಗಿ ಬರುತ್ತವೆ. ಮಂಡಿಯೂರಿದರೆ ಲೆನ್ಸ್ ನೆಲಕ್ಕೆ ಬಡಿಯುತ್ತದೆ. ಪಕ್ಕದಲ್ಲೇ ಕಲಶ, ದೀಪದ ಕಂಬ, ಧಾರೆಯ ಹಾಲಿನ ತಂಬಿಗೆ. ಸರಿಯಾಗಿ ಸೊಂಟದ ಎತ್ತರಕ್ಕೆ ತಲೆ ಬರುವ ಮಕ್ಕಳ ದಂಡು ಬೇರೆ. ಉತ್ತರ ಕರ್ನಾಟಕದಲ್ಲಿ ಸುರಗಿಯ ಶಾಸ್ತ್ರವಾದರೆ ನಾಲ್ಕು ಮೂಲೆಯ ತಂಬಿಗೆಗಳಿಗೆ ನೂಲು ಸುತ್ತಿರುತ್ತಾರೆ. ತೂಗಾಡುವ ಲೆನ್ಸಿಗೆ ಆ ನೂಲು ಸಿಕ್ಕಿ ತಂಬಿಗೆ ಉರುಳಿದರೆ ಅಜ್ಜಿಯಂದಿರ ಬಾಯಿಂದ ಬರುವ ಮಾತನ್ನು ಯಾವ ಆಲ್ಬಮ್ಮೂ ಸರಿಪಡಿಸದು.

ಭಾರ ದಣಿಸುತ್ತದೆ, ತೂಗಾಟ ಹೆದರಿಸುತ್ತದೆ. ನಾನು ಹೆಚ್ಚು ಎಚ್ಚರ ವಹಿಸುವುದು ಎರಡನೆಯದಕ್ಕೆ. ದಣಿವನ್ನು ಮಂಟಪದ ಹಿಂದೆ ಎರಡು ನಿಮಿಷ ಕೂತು ಕಳೆಯಬಹುದು. ತೂಗಾಡುವ ಕ್ಯಾಮೆರಾ ಮಾತ್ರ ಗಮನದ ಒಂದು ಪಾಲನ್ನು ಇಡೀ ದಿನ ತಿನ್ನುತ್ತದೆ. ಅಕ್ಷತೆಗೆಂದು ಎದ್ದ ಅತ್ತೆಯ ಮುಖ ನೋಡಬೇಕಾದ ಕಣ್ಣು ತನ್ನ ಲೆನ್ಸ್ ಯಾರ ಬೆನ್ನಿಗೆ ತಾಗಿತು ಎಂದು ನೋಡುತ್ತದೆ.

ಫ್ಲ್ಯಾಷಿನ ಗೋಳು ಇನ್ನೊಂದು. ತಳದಿಂದ ನೇತುಹಾಕಿದ ಕ್ಯಾಮೆರಾ ತಲೆಕೆಳಗಾಗಿರುತ್ತದೆ, ಆದ್ದರಿಂದ ನೆತ್ತಿಯ ಫ್ಲ್ಯಾಷ್ ಕೆಳಗೆ ಚಾಚಿ ಮಂಡಿಗೆ ಬಡಿಯುತ್ತದೆ. ಆ ಅರ್ಧ ಕಿಲೋ ತೂಕವನ್ನು ಹಿಡಿದಿರುವುದು ಒಂದು ಪುಟ್ಟ ಕಾಲು. ನಾಲ್ಕು ಬಾರಿ ಕುರ್ಚಿಯ ಬೆನ್ನಿಗೆ ತಗುಲಿದರೆ ಅದು ಸಡಿಲವಾಗುತ್ತದೆ, ಇಲ್ಲವೇ ಮುರಿಯುತ್ತದೆ. ಎರಡೂ ಕ್ಯಾಮೆರಾಕ್ಕೆ ಫ್ಲ್ಯಾಷ್ ಹಾಕಿ ಹಾರ್ನೆಸ್ ತೊಡುವವರನ್ನು ಕಂಡರೆ ನನಗೆ ಮೈ ಜುಮ್ಮೆನ್ನುತ್ತದೆ. ವಿಡಿಯೊದವರ ಎಲ್‌ಇಡಿ ದೀಪಗಳು ವೇದಿಕೆಯನ್ನು ಹೇಗೂ ಬೆಳಗಿರುತ್ತವೆ. 85ರ ಕ್ಯಾಮೆರಾಕ್ಕೆ ಐಎಸ್‌ಒ ಏರಿಸಿ ಫ್ಲ್ಯಾಷ್ ಬಿಟ್ಟುಬಿಡಿ. ಕೈಯಲ್ಲಿರುವ 35ಕ್ಕೆ ಮಾತ್ರ ಫ್ಲ್ಯಾಷ್ ಇರಲಿ. ರಿಸೆಪ್ಷನ್ನಿಗಾದರೆ ದೀಪಗಳನ್ನು ಸ್ಟ್ಯಾಂಡಿಗೆ ಹಾಕಿ, ಕ್ಯಾಮೆರಾದ ಮೇಲೆ ಟ್ರಿಗರ್ ಅಷ್ಟೇ ಇಟ್ಟರೆ ಆಯಿತು.

ಮತ್ತೆ ಆ ತಳದ ತಿರುಪು. ಕಾಲು ಇಂಚಿನ ಮೊಳೆ, ಇಂಚಿಗೆ ಇಪ್ಪತ್ತು ಸುತ್ತಿನ ಎಳೆ. ಜಗತ್ತಿನ ಬಹುಪಾಲು ಕ್ಯಾಮೆರಾಗಳಿಗೆ ಇದೇ ಅಳತೆ. ಟ್ರೈಪಾಡಿನ ಮೇಲೆ ಅಲುಗಾಡದೆ ಕೂರಲೆಂದು ಮಾಡಿದ ವ್ಯವಸ್ಥೆಯನ್ನು ನಡೆಯುವಾಗೆಲ್ಲ ತಿರುಗುವ ಕೊಂಡಿಗೆ ಕಟ್ಟಿದರೆ ಅದು ನಿಧಾನಕ್ಕೆ ಸಡಿಲಗೊಳ್ಳುವುದು ಸಹಜ. ಸ್ಲಿಂಗ್ ಬಳಸುವವರು ಆಗಾಗ ಬೆರಳಿನಿಂದ ಬಿಗಿ ನೋಡುತ್ತಿರಬೇಕು. ಸ್ಟ್ರ್ಯಾಪ್ ಸಿಕ್ಕಿಸುವ ಕಿವಿಗೆ ಒಂದು ಕಾವಲು ದಾರ ಕಟ್ಟಿರಬೇಕು. 70-200 ಇದ್ದರೆ ಕೊಂಡಿಯನ್ನು ಕ್ಯಾಮೆರಾದ ಬದಲು ಲೆನ್ಸಿನ ಪಾದಕ್ಕೆ ಹಾಕಿ, ತೂಕ ಮಧ್ಯಕ್ಕೆ ಬರುತ್ತದೆ, ಮೌಂಟಿನ ಮೇಲೆ ಎಳೆತ ಬೀಳುವುದಿಲ್ಲ. ಅಗ್ಗದ ನಕಲುಗಳಲ್ಲಿ ಬಟ್ಟೆ ಚೆನ್ನಾಗಿಯೇ ಇರುತ್ತದೆ, ಕೊಂಡಿಯ ಲೋಹವನ್ನು ನಂಬಬೇಡಿ.

ನನ್ನ ಪದ್ಧತಿ ಸರಳ, ನೋಡಲು ಗತ್ತಿಲ್ಲ. 35ರ ಕ್ಯಾಮೆರಾ ಬಲಗೈಯಲ್ಲಿ, ಮಣಿಕಟ್ಟಿಗೆ ಒಂದು ಸ್ಟ್ರ್ಯಾಪ್. 85ರದ್ದು ಅಗಲವಾದ ಓರೆ ಸ್ಟ್ರ್ಯಾಪಿನಲ್ಲಿ, ಎಡ ಕಂಕುಳಿನ ಕೆಳಗೆ ಪಕ್ಕೆಲುಬಿಗೆ ಅಂಟಿದಂತೆ, ಗಿಡ್ಡವಾಗಿ. ಸೊಂಟದಿಂದ ಒಂದು ಗೇಣು ಮೇಲೆ ಇರಬೇಕು, ಮೂತಿ ಹಿಂದಕ್ಕೆ ತಿರುಗಿರಬೇಕು. ಬಗ್ಗುವ ಮುನ್ನ ಮೊಣಕೈಯಿಂದ ತಳ್ಳಿದರೆ ಬೆನ್ನಿಗೆ ಸರಿಯುತ್ತದೆ. ಎಡಕ್ಕೇ ಏಕೆಂದರೆ, ಈಗಿನ ಬಹುತೇಕ ಎಲ್ಲ ಕ್ಯಾಮೆರಾಗಳ ಗುಂಡಿಯೂ ಬಲಗಡೆಗೇ ಇರುವುದರಿಂದ ಎರಡನ್ನೂ ಕೊನೆಗೆ ಒತ್ತುವುದು ಬಲಗೈಯೇ. ಎಡಗೈ ಲೆನ್ಸಿನ ಕೆಳಗಿನಿಂದ ಹಿಡಿದು ಮೇಲೆತ್ತಿದರೆ ಬಲಗೈ ಬಂದು ಸೇರಿಕೊಳ್ಳುತ್ತದೆ. ಅಷ್ಟರಲ್ಲಿ 35 ಮಣಿಕಟ್ಟಿನಿಂದ ಇಳಿಬಿದ್ದಿರುತ್ತದೆ. ಆ ಕೆಲವು ಸೆಕೆಂಡು ಅದು ಅಡ್ಡಿಯೇ, ಒಪ್ಪುತ್ತೇನೆ. ರೇಷ್ಮೆ ಜುಬ್ಬಾದ ಮೇಲೆ ಸ್ಟ್ರ್ಯಾಪ್ ಜಾರುತ್ತದೆ, ಹತ್ತಿ ಅಂಗಿ ಹಾಕಿ.

ಹೆಣ್ಣುಮಕ್ಕಳು ಈಗ ಈ ಕೆಲಸದಲ್ಲಿ ಸಾಕಷ್ಟಿದ್ದಾರೆ. ಎದೆಯ ಮೇಲೆ ಪಟ್ಟಿ ಹಾಯುವ ಹಾರ್ನೆಸ್ಸುಗಳನ್ನು ಹೊಲಿದವರು ಅವರನ್ನು ಲೆಕ್ಕಕ್ಕೆ ಹಿಡಿದಂತಿಲ್ಲ. ಕುರ್ತಾದ ಮೇಲೆ ಸೊಂಟದ ಬೆಲ್ಟು, ಅದಕ್ಕೆ ಒಂದೇ ಕ್ಯಾಮೆರಾ, ಇನ್ನೊಂದು ಕೈಯಲ್ಲಿ; ಇದು ಹಲವರಿಗೆ ಹಿಡಿಸಿದೆ. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೊಮೈ ವ್ಯಾರಾವಾಲಾ ಸೀರೆಯುಟ್ಟೇ ರೋಲಿಫ್ಲೆಕ್ಸ್, ಸ್ಪೀಡ್ ಗ್ರಾಫಿಕ್‌ಗಳನ್ನು ಹೊತ್ತು ದಿಲ್ಲಿಯ ದೊಡ್ಡವರನ್ನೆಲ್ಲ ಚಿತ್ರಿಸಿದವರು. ಅವರ ಮುಂದೆ ನಮ್ಮ ಗೊಣಗಾಟ ಸಣ್ಣದು.

ಹಾರ್ನೆಸ್ಸಿಗೂ ಒಂದು ಕಾಲ ಬರುತ್ತದೆ. ಕೊಡವರ ಮದುವೆಗೆ ಹೋದರೆ ನಾನೂ ಅದನ್ನೇ ತೊಡುವೆ. ಅಲ್ಲಿ ಪುರೋಹಿತರಿಲ್ಲ, ಹೋಮವಿಲ್ಲ, ಬಗ್ಗುವ ಪ್ರಸಂಗ ಕಡಿಮೆ. ಒಡಿಕತ್ತಿಯಲ್ಲಿ ಬಾಳೆಕಂಬ ಕಡಿಯುವವರಿಂದ ದೂರ ನಿಲ್ಲುವುದೇ ಕ್ಷೇಮ, ಹಾಗಾಗಿ 70-200ಕ್ಕೂ ಮಾನ ಬರುತ್ತದೆ. ಗಂಗಾಪೂಜೆಯಲ್ಲಿ ನೀರು ಹೊತ್ತ ಮದುಮಗಳ ದಾರಿಗೆ ಗಂಡಿನ ಕಡೆಯವರು ಅಡ್ಡಗಟ್ಟಿ ವಾಲಗಕ್ಕೆ ಕುಣಿಯುತ್ತಲೇ ಇರುತ್ತಾರೆ; ತಾಸುಗಟ್ಟಲೆ ನಿಂತು, ಹಿಂದೆ ಹಿಂದೆ ಹೆಜ್ಜೆ ಇಡುತ್ತ ತೆಗೆಯಬೇಕಾದ ಚಿತ್ರ ಅದು. ಹೆಗಲೆರಡಕ್ಕೂ ಸಮ ಭಾರ ಬಿದ್ದರೆ ರಾತ್ರಿ ನಿದ್ದೆಯಾದರೂ ಬಂದೀತು.

ಎರಡೂ ಕ್ಯಾಮೆರಾದ ಗಡಿಯಾರವನ್ನು ಬೆಳಗ್ಗೆಯೇ ಒಂದೇ ಸಮಯಕ್ಕೆ ಇಟ್ಟಿರಿ, ಇಲ್ಲದಿದ್ದರೆ ಆಲ್ಬಮ್ ಮಾಡುವವರ ಕಂಪ್ಯೂಟರಿನಲ್ಲಿ ತಾಳಿಗಿಂತ ಮೊದಲು ಊಟವಾಗುತ್ತದೆ.

ಊಟವೆಂದ ಮೇಲೆ, ನಮ್ಮದು ಯಾವತ್ತೂ ಕೊನೆಯ ಪಂಕ್ತಿ, ವಾಲಗದವರ ಜೊತೆ. ಎರಡು ಕ್ಯಾಮೆರಾ ಎಲ್ಲಿಡುವುದು? ಮೇಜಿನ ಮೇಲೆ ಬೇಡ, ಸಾರಿನ ಬಕೆಟ್ಟು ಅದೇ ದಾರಿಯಲ್ಲಿ ಬರುತ್ತದೆ. ಕೆಳಗೆ ಬೇಡ, ನೆಲ ಒರೆಸುವವರು ಹಿಂದಿನ ಪಂಕ್ತಿಯಿಂದಲೇ ಕಾಯುತ್ತಿರುತ್ತಾರೆ. ಬಲಗಡೆಯ ಕುರ್ಚಿಯೂ ಬೇಡ. ಎಡಗಡೆಯ ಕುರ್ಚಿಯ ಮೇಲೆ ಚೀಲದಲ್ಲಿ ಇಟ್ಟು, ಅದರ ಪಟ್ಟಿಯನ್ನು ಮೊಣಕಾಲಿಗೆ ಸುತ್ತಿಕೊಂಡು ಕೂರಿ. ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಬಾಗಿಲಿಂದ ಯಾರಾದರೂ "ಫೋಟೊದವರೇ, ಹೆಣ್ಣೊಪ್ಪಿಸ್ತಾ ಇದ್ದಾರೆ, ಬೇಗ ಬನ್ನಿ" ಎಂದು ಕೂಗಿಯೇ ಕೂಗುತ್ತಾರೆ, ಆಗ ಕೆಲಸಕ್ಕೆ ಬರುವುದು ಎಡಗೈ ಒಂದೇ.