ಕೆಜಿ ಲೆಕ್ಕ

15 ವರ್ಷದ ಮಕ್ಕಳ ಓದು, ಗಣಿತ, ವಿಜ್ಞಾನವನ್ನ ದೇಶದೇಶಗಳ ನಡುವೆ ಅಳೆಯೋ ಪರೀಕ್ಷೆ ಪೀಸಾ. 2009ರ ಸುತ್ತಿಗೆ ನಮ್ಮಿಂದ ಹೋದದ್ದು ತಮಿಳುನಾಡು, ಹಿಮಾಚಲ ಪ್ರದೇಶ ಎರಡೇ. 74ರ ಪಟ್ಟಿಯ ತಳದಲ್ಲಿ, ಕಿರ್ಗಿಸ್ತಾನದ ಪಕ್ಕ ಕೂತೆವು. ಪ್ರಶ್ನೆಗಳು ನಮ್ಮ ಪರಿಸರಕ್ಕೆ ಒಗ್ಗಲ್ಲ ಅಂದಿತು ದೆಹಲಿ. 2012ರ ಸುತ್ತಿಗೆ ಹೋಗಲೇ ಇಲ್ಲ.

ಈ ನೆಪ ನನಗಂತೂ ಹಿಡಿಸೋಲ್ಲ. ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಹಣ್ಣು ಕುಯ್ಯೋರಿಗೆ ಎಷ್ಟೋ ಕಡೆ ಕೆಜಿ ಲೆಕ್ಕದ ಕೂಲಿ. ಸಂಜೆ ತೂಕ ಹಾಕುವಾಗ ಲೈನ್ ಮನೆಯ ಹುಡುಗಿ ಅಮ್ಮನ ದುಡ್ಡನ್ನ ಬಾಯಲ್ಲೇ ಹೇಳಿಬಿಡ್ತಾಳೆ, ರೈಟರ್ ಬರೆದುಕೊಳ್ಳೋಕೆ ಮುಂಚೆ. ಪೀಸಾ ಕೇಳೋದು ಇದನ್ನೇ ತಾನೇ, ಗೊತ್ತಿರೋ ಲೆಕ್ಕವನ್ನ ಬದುಕಿಗೆ ಹಚ್ಚು ಅಂತ? ಶಾಲೆ ಕೇಳೋದು ಸ್ಟೆಪ್ಸ್. ಅದೂ ಎಷ್ಟೋ ಸಲ ಅವಳ ಮನೆಮಾತಲ್ಲದ ಕನ್ನಡದಲ್ಲಿ. ಪುಸ್ತಕದ ಲೆಕ್ಕದಲ್ಲಿ ಅಂಕಿ ಬದಲಾಯಿಸಿ ಕೊಟ್ಟರೆ ಅದೇ ಪ್ರಶ್ನೆಪತ್ರಿಕೆ. ಅದರಲ್ಲಿ ಅವಳು ಎಡವಿದರೆ ‘ಎಸ್ಟೇಟ್ ಮಕ್ಕಳು ಸಾರ್, ತಲೆಗೆ ಹತ್ತಲ್ಲ’ ಅಂತಾರೆ.